ಆರೂವರೆ ಮಿಲಿಮೀಟರಿನ ರೈಫಲ್

ನನ್ನ ಎತ್ತರ ನಾಲ್ಕಡಿ ಹನ್ನೊಂದು ಅಂಗುಲ. ಶೆಫೀಲ್ಡಿನ ಆಸ್ಪತ್ರೆಗೆ ಅರಿವಳಿಕೆ ಡಾಕ್ಟರಾಗಿ ನಾನು ಸೇರಿದ ವಾರದಲ್ಲೇ ಥಿಯೇಟರಿನ ನರ್ಸುಗಳು ನನಗೆಂದು ಒಂದು ಕಾಲ್ಮಣೆ ಹುಡುಕಿಟ್ಟಿದ್ದರು. ಅದರ ಮೇಲೆ ನಿಂತುಕೊಂಡೇ ಅಲ್ಲಿ ವರ್ಷಗಟ್ಟಲೆ ಜನರನ್ನು ಮಲಗಿಸಿ ಎಬ್ಬಿಸಿದ್ದೇನೆ. ಇದನ್ನು ಮೊದಲೇ ಹೇಳುವುದು ಏಕೆಂದರೆ, ಎಲ್ಕ್ ಎಂಬ ದೈತ್ಯ ಜಿಂಕೆಯ ಬೇಟೆಗೆ ನಾನು ಯಾವ ರೈಫಲ್ ಹಿಡಿಯಬೇಕೆಂಬ ಮಾತು ಬಂದಾಗಲೆಲ್ಲ ಜನ ಮೊದಲು ಆ ಪ್ರಾಣಿಯ ಎತ್ತರವನ್ನು ನೆನೆಯುತ್ತಿದ್ದರು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಥಿಯೇಟರ್ ಸಿಬ್ಬಂದಿಯೆಲ್ಲ ಸೇರಿ ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗುವುದು ರೂಢಿ. ಬೌಲಿಂಗ್, ದೋಣಿ, ಕುದುರೆ ಸವಾರಿ ಎಲ್ಲ ಮುಗಿದಿದ್ದರಿಂದ ಆ ಬೇಸಿಗೆಯಲ್ಲಿ ಯಾರೋ ಒಂದು ರೈಫಲ್ ಕ್ಲಬ್ಬಿನವರನ್ನು ಒಪ್ಪಿಸಿದ್ದರು. ಊರಿನ ಪಶ್ಚಿಮಕ್ಕೆ, ಬೋಳುಗುಡ್ಡಗಳು ಶುರುವಾಗುವ ಕಡೆ, ಕೈಬಿಟ್ಟ ಕಲ್ಲುಗಣಿಯೊಳಗೆ ಅವರು ಗುಂಡು ಹಾರಿಸುವ ರೇಂಜ್ ಇತ್ತು. ಅತಿಥಿಗಳಿಗೆ ಚಿಕ್ಕ ಪಾಯಿಂಟ್ ಟೂ ಟೂ ರೈಫಲ್ ಮಾತ್ರ. ನನ್ನ ಸರದಿ ಬಂದಾಗ ಚಾಪೆಯ ಮೇಲೆ ಅಂಗಾತ ಬೀಳಬೇಕೋ ಬೋರಲಾಗಬೇಕೋ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಬೋರಲು ಮಲಗಿ, ಕಾಲು ಅಗಲಿಸಿ, ಹಿಮ್ಮಡಿ ನೆಲಕ್ಕೊತ್ತಿ, ಐದು ಗುಂಡು ಹೊಡೆದೆ. ಐದೂ ತೂತನ್ನು ಒಂದು ಹತ್ತು ಪೆನ್ಸ್ ನಾಣ್ಯ ಮುಚ್ಚುತ್ತಿತ್ತು.

ಮೈಸೂರಿನ ಕಾಲೇಜಿನಲ್ಲಿ ನಾನು ಎನ್‌ಸಿಸಿ ಕೆಡೆಟ್. ಮೂರು ವರ್ಷ ನಮ್ಮ ಬೆಟಾಲಿಯನ್ನಿನಲ್ಲಿ ಹುಡುಗಿಯರ ಪೈಕಿ ಗುರಿಯಲ್ಲಿ ನನಗೆ ಸಮ ಯಾರೂ ಇರಲಿಲ್ಲ. ದೆಹಲಿಯ ಸ್ಪರ್ಧೆಗೆ ನನ್ನ ಹೆಸರು ಹೋಗಿತ್ತು. ಅಕ್ಕನ ಮದುವೆ ಅದೇ ವಾರಕ್ಕೆ ನಿಶ್ಚಯವಾಯಿತು. ಅಪ್ಪ, "ಗುರಿ ಎಲ್ಲಿಗೆ ಓಡಿಹೋಗುತ್ತೆ, ಮುಂದಿನ ವರ್ಷ ಹೊಡೀಬಹುದು" ಎಂದರು. ಮುಂದಿನ ವರ್ಷ ಮೆಡಿಕಲ್ ಸೀಟು ಸಿಕ್ಕಿತು. ಆಮೇಲೆ ಇಪ್ಪತ್ತು ವರ್ಷ ನಾನು ರೈಫಲ್ ಮುಟ್ಟಿರಲಿಲ್ಲ. ಶೆಫೀಲ್ಡಿನಲ್ಲಿ ಯಾರಿಗೂ, ನನ್ನ ಮಗಳಿಗೂ, ಈ ವಿಷಯ ಗೊತ್ತಿರಲಿಲ್ಲ.

ಆ ಗುರಿಕಾಗದವನ್ನು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದವರು ನಮ್ಮ ಮೂಳೆ ಸರ್ಜನ್. ಸ್ವೀಡನ್ನಿನವರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ವಾರಕ್ಕೆ ಎರಡು ದಿನ ನಾವಿಬ್ಬರೂ ಒಂದೇ ಥಿಯೇಟರಿನಲ್ಲಿ ಕೆಲಸ ಮಾಡುತ್ತಿದ್ದೆವು. ಅವರು ಸೊಂಟದ ಕೀಲು ಕೂರಿಸುವಾಗ ನಾನು ರೋಗಿಯ ತಲೆಯ ಬಳಿ ಕೂತು ಉಸಿರು ಎಣಿಸುತ್ತಿದ್ದೆ. ಪ್ರತಿ ಅಕ್ಟೋಬರಿನಲ್ಲಿ ಅವರು ಒಂದು ವಾರ ರಜೆ ಹಾಕಿ ಊರಿಗೆ ಹೋಗುವುದು, ತಂದೆಯ ತಂಡದ ಜೊತೆ ಎಲ್ಕ್ ಬೇಟೆ ಆಡುವುದು ಡ್ಯೂಟಿ ಪಟ್ಟಿ ಬರೆಯುವವರಿಗೆಲ್ಲ ಗೊತ್ತಿತ್ತು.

"ನಮ್ಮ ತಂಡದಲ್ಲಿ ಒಬ್ಬರಿಗೆ ಕಣ್ಣು ಮಂದವಾಗಿದೆ, ಬರಲ್ಲ ಅಂದಿದ್ದಾರೆ. ಒಂದು ಜಾಗ ಖಾಲಿ ಇದೆ. ಮುಂದಿನ ವರ್ಷ ನೀವು ಬರ್ತೀರಾ?" ಎಂದು ಕೇಳಿದರು.

ತಮಾಷೆಯೆಂದುಕೊಂಡೆ. ಅವರು ನಗುತ್ತಿರಲಿಲ್ಲ.

ನಾನು ಹೂಂ ಎನ್ನಲು ಎರಡು ವಾರ ತೆಗೆದುಕೊಂಡೆ. ಮೊದಲು ಗಂಡನಿಗೆ ಹೇಳಬೇಕಿತ್ತು. ಅವರು ಧಾರವಾಡದವರು, ಇಲ್ಲಿ ಜಿಪಿ ಅಂದರೆ ಬಡಾವಣೆಯ ಡಾಕ್ಟರು, ಬೆಳ್ಳುಳ್ಳಿ ಕೂಡ ಒಳಗೆ ಬಾರದ ಮನೆಯಲ್ಲಿ ಬೆಳೆದವರು. ನಾನು ಹೊರಗೆ ಕೋಳಿ ಮೀನು ತಿನ್ನುವುದಕ್ಕೆ ಅವರ ತಕರಾರು ಇರಲಿಲ್ಲ. ಇದು ಬೇರೆ.

"ಎಂಥಾ ಹುಚ್ಚ ಇದು ನಿಂದು?" ಎಂದರು. "ದಿನಾ ಮಂದೀ ಉಸಿರು ಕಾಯೂ ಕೆಲಸ ಮಾಡ್ತಿ. ಈಗ ಅಲ್ಲಿ ಹೋಗಿ ಉಸಿರು ನಿಂದರಸ್ತೇನಿ ಅಂತಿಯಲ್ಲ!"

"ನಾನು ಹೋಗದೇ ಇದ್ದರೂ ಅವರು ಅಷ್ಟೇ ಪ್ರಾಣಿ ಹೊಡೀತಾರೆ ರೀ. ಕಾಡಿಗೆ ತಕ್ಕ ಹಾಗೆ ಲೆಕ್ಕ ಇರುತ್ತಂತೆ. ಹೊಡೆಯೋರು ನೋವಾಗದ ಹಾಗೆ ಹೊಡೀಬೇಕು, ಅಷ್ಟೇ. ನನಗೆ ಅದು ಬರುತ್ತೆ."

"ಬರತೈತಿ ಅಂತ ಹ್ಯಾಂಗ ಗೊತ್ತು?"

ನಾನು ಆ ಕಾಗದವನ್ನು ತೋರಿಸಿದೆ. ಹತ್ತು ವರ್ಷದ ಮಗಳು ಅದನ್ನು ಕಿತ್ತುಕೊಂಡು, "ಅಮ್ಮಾ, ಯೂ ಡಿಡ್ ದಿಸ್?" ಎಂದು ಮೂರು ಸಲ ಕೇಳಿದಳು. ಗಂಡ ಚಹಾ ಕಾಸಲು ಹೋದರು. ಅವರು ವಾದದಲ್ಲಿ ಸೋತಾಗಲೆಲ್ಲ ನಮ್ಮ ಮನೆಯಲ್ಲಿ ಚಹಾ ಆಗುತ್ತಿತ್ತು.

ಇಂಗ್ಲೆಂಡಿನಲ್ಲಿ ರೈಫಲ್ ಇಟ್ಟುಕೊಳ್ಳುವುದು ಸುಲಭದ ಮಾತಲ್ಲ. ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಹೊಸ ಸದಸ್ಯೆಯಾಗಿ ಪ್ರತಿ ಭಾನುವಾರ ಹಾಜರಿ ಹಾಕಿದೆ. ಸ್ವೀಡನ್ನಿನಿಂದ ಆಹ್ವಾನದ ಪತ್ರ ತರಿಸಿದೆ. ಅರ್ಜಿ ಹಾಕಿದ ಮೇಲೆ ಪೊಲೀಸ್ ಇಲಾಖೆಯಿಂದ ಒಬ್ಬ ಅಧಿಕಾರಿ ಮನೆಗೆ ಬಂದರು. ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಅಕ್ಕಿ ಮೂಟೆ, ಇಡ್ಲಿ ಪಾತ್ರೆಗಳ ಪಕ್ಕ ರೈಫಲ್ ಇಡಲೆಂದು ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆಯನ್ನು ಎಳೆದು, ಅಲುಗಾಡಿಸಿ ನೋಡಿದರು. ನನ್ನನ್ನು ಒಂದು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ ಗಂಡನ ಕಡೆ ತಿರುಗಿ, "ನಿಮಗೇನಾದರೂ ಆತಂಕ ಇದೆಯೇ?" ಎಂದರು.

ಮನೆಯಲ್ಲಿ ದಿನವೂ ವಾದ ಮಾಡುತ್ತಿದ್ದ ಮನುಷ್ಯ ಅವರು.

"ಇವಳು ದಿನಾ ಐದಾರು ಜನರ ಉಸಿರನ್ನ ತನ್ನ ಕೈಗೆ ತಗೊಂಡು, ಮತ್ತೆ ಅವರಿಗೇ ವಾಪಸ್ ಕೊಡ್ತಾಳೆ. ಇವಳ ಕೈಯಲ್ಲಿ ಏನಿದ್ರೂ ನನಗೆ ಆತಂಕ ಇಲ್ಲ" ಎಂದು ತಮ್ಮ ಶುದ್ಧವಾದ ಇಂಗ್ಲಿಷಿನಲ್ಲಿ ಹೇಳಿದರು.

ಅಧಿಕಾರಿ ಹೋದ ಮೇಲೆ ನಾನು ಅವರ ಮುಖ ನೋಡಿದೆ. "ಹಂಗಂತ ನಾ ಒಪ್ಪೇನಿ ಅಂತ ತಿಳಕೋಬ್ಯಾಡ" ಎಂದು ಪೇಪರು ಎತ್ತಿಕೊಂಡರು.

ಆ ಅರ್ಜಿ ಹಾಕುವ ಮೊದಲು ಅದರಲ್ಲಿ ಬರೆಯಲು ಒಂದು ಕ್ಯಾಲಿಬರ್ ಆರಿಸಬೇಕಿತ್ತು. ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ, ಅಂದರೆ ಗುಂಡಿನ ದಪ್ಪ. ಇಲ್ಲಿಂದ ಶುರುವಾಯಿತು ಉಪದೇಶ. ಎಲ್ಕ್ ಎಂದರೆ ನಮ್ಮ ಕಡವೆಯಂಥ ಪ್ರಾಣಿಯಲ್ಲ. ಗಂಡು ಎಲ್ಕ್ ಎರಡು ಕಡವೆಗಳಷ್ಟು ತೂಗುತ್ತದೆ, ಅದರ ಭುಜ ನನ್ನ ತಲೆಗಿಂತ ಮೇಲೆ. ಅದಕ್ಕೆ ಕ್ಲಬ್ಬಿನ ಗಂಡಸರೆಲ್ಲರದೂ ಒಂದೇ ರಾಗ: ದೊಡ್ಡ ಪ್ರಾಣಿಗೆ ದೊಡ್ಡ ಗುಂಡು. ಒಬ್ಬರು ಮೂವತ್ತು-ಸೊನ್ನೆ-ಆರು ಎಂಬ ತೋಟಾ ಬೇಕು ಎಂದರು. ಇನ್ನೊಬ್ಬರು ಅದೂ ಸಾಲದು, ಮ್ಯಾಗ್ನಮ್ ಬೇಕು ಎಂದರು. ಮ್ಯಾಗ್ನಮ್ ಎಂದರೆ ಹೆಚ್ಚು ಮದ್ದು ತುಂಬಿದ ಉದ್ದನೆಯ ತೋಟಾ. ನನ್ನ ಮಧ್ಯದ ಬೆರಳಿಗಿಂತ ಉದ್ದವಿತ್ತು ಅದು.

"ನಿಮ್ಮಂಥ ಚಿಕ್ಕವರಿಗೆ ಇನ್ನೂ ದೊಡ್ಡದೇ ಬೇಕು" ಎಂದು ಅವರು ವಾದ ಹೂಡಿದರು. ಇದರ ತರ್ಕ ನನಗೆ ಇವತ್ತಿಗೂ ತಿಳಿದಿಲ್ಲ.

ಅವರ ಮ್ಯಾಗ್ನಮ್ಮನ್ನೇ ಕಡ ಪಡೆದು ಒಂದು ಭಾನುವಾರ ಹೊಡೆದೆ. ಮೊದಲ ಗುಂಡಿಗೆ ಕತ್ತೆ ಒದ್ದ ಹಾಗಾಯಿತು. ಹತ್ತನೆಯದರ ಹೊತ್ತಿಗೆ ಭುಜ ಮರಗಟ್ಟಿತ್ತು. ಸೋಮವಾರ ಥಿಯೇಟರಿನ ಬಟ್ಟೆ ಹಾಕುವಾಗ ನೋಡಿದ ನರ್ಸ್ ಗಾಬರಿಯಾಗಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಪಿಸುಮಾತಿನಲ್ಲಿ ಕೇಳಿದಳು. ನನ್ನ ಭುಜ ಅಷ್ಟು ನೀಲಿಯಾಗಿತ್ತು. ಮೂರು ವಾರ ಅದೇ ರೈಫಲ್ ಹಿಡಿದೆ. ನಾಣ್ಯದ ಕೆಳಗೆ ಐದು ಗುಂಡು ಇಟ್ಟವಳು ಈಗ ಊಟದ ತಟ್ಟೆಯಷ್ಟು ಅಗಲಕ್ಕೆ ಹರಡುತ್ತಿದ್ದೆ. ಬೇಟೆಗಿಂತ ಮೊದಲು ನನಗೆ ನನ್ನ ಮೇಲಿನ ನಂಬಿಕೆಯೇ ಹೋಗತೊಡಗಿತು.

ಆಗ ನನ್ನನ್ನು ಉಳಿಸಿದವರು ರೇಂಜಿನ ಮೇಲ್ವಿಚಾರಕಿ. ಅರವತ್ತು ದಾಟಿದ ಯಾರ್ಕ್‌ಶೈರಿನ ಹೆಂಗಸು, ಮಾತು ಬಹಳ ಕಡಿಮೆ. ಅವರು ನನ್ನ ಕೈಯಿಂದ ರೈಫಲ್ ತೆಗೆದುಕೊಂಡು, ನನಗೆ ಕಾಣದ ಹಾಗೆ ತೋಟಾ ತುಂಬಿ ವಾಪಸು ಕೊಟ್ಟರು. "ಹೊಡಿ, ಲವ್" ಎಂದರು, ಆ ಸೀಮೆಯ ಅಕ್ಕರೆಯ ಮಾತಿನಲ್ಲಿ. ಟ್ರಿಗರ್ ಎಳೆದೆ. ಟಿಕ್ ಎಂದಿತು, ಸಿಡಿಯಲಿಲ್ಲ. ಅವರು ಹಾಕಿದ್ದು ಮದ್ದಿಲ್ಲದ ಸುಳ್ಳು ತೋಟಾ. ಆದರೆ ಒದೆತವೇ ಇಲ್ಲದ ಆ ಕ್ಷಣದಲ್ಲೂ ನಳಿಗೆಯ ತುದಿ ನೆಲದ ಕಡೆ ಕುಕ್ಕಿದ್ದನ್ನು, ನನ್ನ ಕಣ್ಣು ಮುಚ್ಚಿದ್ದನ್ನು ನಾವಿಬ್ಬರೂ ಗಮನಿಸಿದೆವು.

"ನಿನ್ನ ಗುರಿ ಕೆಟ್ಟಿಲ್ಲ. ನಿನ್ನ ಮೈ ಹೆದರಿದೆ. ಮೈ ಹೆದರದ ರೈಫಲ್ ಹುಡುಕು" ಎಂದರು.

ಮರುದಿನ ಥಿಯೇಟರಿನಲ್ಲಿ ಎರಡು ಕೇಸುಗಳ ನಡುವೆ ನಾನು ಸರ್ಜನ್ನರನ್ನು ನೇರವಾಗಿ ಕೇಳಿದೆ. "ನಿಮ್ಮ ತಂದೆ ಏನು ಹಿಡೀತಾರೆ?"

"ಆರೂವರೆ ಮಿಲಿಮೀಟರ್. ನಲವತ್ತು ವರ್ಷದಿಂದ ಅದೇ."

"ಅದು ಚಿಕ್ಕದಲ್ವಾ?"

"ನೀವು ದಪ್ಪ ಮನುಷ್ಯನಿಗೆ ಔಷಧ ಕೊಡೋವಾಗ ಬಾಟಲಿ ಪೂರ್ತಿ ಕೊಡ್ತೀರಾ?" ಎಂದರು. ಆಮೇಲೆ ನಿಯಮ ತಿಳಿಸಿದರು. ಸ್ವೀಡನ್ನಿನಲ್ಲಿ ಎಲ್ಕಿಗೆ ಇಂಥದ್ದೇ ಕ್ಯಾಲಿಬರ್ ಎಂದಿಲ್ಲ. ಗುಂಡಿನ ತೂಕ ಮತ್ತು ನೂರು ಮೀಟರಿನಲ್ಲಿ ಅದಕ್ಕೆ ಉಳಿಯುವ ಶಕ್ತಿ ಇಷ್ಟಿರಬೇಕೆಂದು ಇದೆ. ಆರೂವರೆಯಲ್ಲಿ ಹಗುರ ಗುಂಡು ಹಾಕಿದರೆ ಕಾನೂನಿಗೆ ಸಾಲದು. ಹತ್ತು ಗ್ರಾಮಿನ ಉದ್ದ ಗುಂಡು ಹಾಕಿದರೆ ಸಾಕು. ಉದ್ದವಾಗಿ ಸಣ್ಣಗಿರುವುದರಿಂದ ಅದು ಆಳಕ್ಕೆ ಇಳಿಯುತ್ತದೆ, ಭುಜಕ್ಕೆ ಒದೆತವೂ ಕಡಿಮೆ.

ಆ ಶನಿವಾರ ರೈಲು ಹತ್ತಿ ಬರ್ಮಿಂಗ್‌ಹ್ಯಾಮಿಗೆ ಹೋದೆ. ಅಲ್ಲಿ ಇನ್ನೂರು ವರ್ಷಗಳಿಂದ ಬಂದೂಕು ಮಾಡುತ್ತಿದ್ದ ಒಂದು ಪೇಟೆಯೇ ಇತ್ತು. ನಾನು ಹೋದಾಗ ಉಳಿದಿದ್ದವು ಕೆಲವೇ ಅಂಗಡಿಗಳು. ಅಂಥದ್ದೊಂದರ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಎಣ್ಣೆ ಮತ್ತು ವಾಲ್‌ನಟ್ ಮರದ ಪುಡಿಯ ವಾಸನೆ. ಏಪ್ರನ್ ಕಟ್ಟಿದ್ದ ಹಿರಿಯ ಕೆಲಸಗಾರ ನನ್ನನ್ನು ನೋಡಿ, "ಗಂಡನಿಗೆ ಉಡುಗೊರೆಯಾ, ಬ್ಯಾಬ್?" ಎಂದ. ಆ ಊರಿನಲ್ಲಿ ಪರಿಚಯವಿಲ್ಲದ ಹೆಂಗಸರನ್ನೂ ಹಾಗೆ ಪ್ರೀತಿಯಿಂದ ಕರೆಯುತ್ತಾರೆ.

"ನನಗೇ. ಎಲ್ಕ್ ಬೇಟೆಗೆ. ಆರೂವರೆ ಮಿಲಿಮೀಟರ್ ಬೇಕು."

ಅವನ ಹುಬ್ಬು ಮೇಲೇರಿತು. ಅವನೂ ಮೂವತ್ತು-ಸೊನ್ನೆ-ಆರರ ಮಾತು ಎತ್ತಿದ. ನಾನು ಸುಳ್ಳು ತೋಟಾದ ಕಥೆ ಹೇಳಿದೆ, ಮೂರು ವಾರದ ಗುರಿಕಾಗದಗಳನ್ನು ಬಿಚ್ಚಿಟ್ಟೆ. ಆಮೇಲೆ ಹತ್ತು ಗ್ರಾಂ ಗುಂಡಿನ ಲೆಕ್ಕ ಹೇಳಿದೆ. ಅವನು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದ. ಒಳಗೆ ಹೋಗಿ ಸ್ವೀಡನ್ನಿನಲ್ಲೇ ತಯಾರಾದ ಒಂದು ಹಳೆಯ ರೈಫಲ್ ತಂದ. ಮರದ ಮೇಲೆ ಗೀರುಗಳಿದ್ದವು, ನಳಿಗೆಯ ಒಳಗು ಮಾತ್ರ ಕನ್ನಡಿಯಂತಿತ್ತು. ಭುಜಕ್ಕೇರಿಸಿದೆ. ಉದ್ದವಾಯಿತು, ಕಣ್ಣು ರೈಫಲಿನ ಮೇಲಿನ ದುರ್ಬೀನಿಗೆ ಸಿಗಲೇ ಇಲ್ಲ.

ಆಗ ಅವನು ಕೊರಳಿಂದ ಟೇಪು ತೆಗೆದು ದರ್ಜಿಯ ಹಾಗೆ ನನ್ನ ಅಳತೆ ತೆಗೆದುಕೊಂಡ. ಮೊಣಕೈಯಿಂದ ಬೆರಳಿನವರೆಗೆ, ಕುತ್ತಿಗೆ, ಕೆನ್ನೆಯ ಮೂಳೆ, ಭುಜ. ಒಂದೊಂದನ್ನೂ ಸೀಮೆಸುಣ್ಣದಲ್ಲಿ ಮರದ ಮೇಲೆ ಗುರುತು ಹಾಕಿದ.

"ಹಿಂಬದಿಯ ಮರ ಒಂದೂವರೆ ಇಂಚು ಕೊಯ್ಯಬೇಕು. ಇಷ್ಟು ದಿನ ನೀನು ಗಂಡಸಿಗೆ ಹೊಲಿದ ಕೋಟು ಹಾಕ್ಕೊಂಡು ಓಡ್ತಿದ್ದೆ, ಬ್ಯಾಬ್."

ಪರವಾನಗಿ ಬಂದ ಮೇಲೆ ಅದನ್ನು ತರಲು ಹೋದೆ. ಕಣ್ಣು ಮುಚ್ಚಿ ಭುಜಕ್ಕೇರಿಸಿ ಕಣ್ಣು ತೆರೆದರೆ ದುರ್ಬೀನಿನ ಗುರುತು ನೇರ ಕಣ್ಣ ಮುಂದೆ. ಜೀವನದಲ್ಲಿ ಮೊದಲ ಬಾರಿ ನನ್ನ ಅಳತೆಗೆ ಮಾಡಿದ ಒಂದು ಉಪಕರಣ ನನ್ನ ಕೈಯಲ್ಲಿತ್ತು. ಭಾನುವಾರ ಕಲ್ಲುಗಣಿಯಲ್ಲಿ ಮೇಲ್ವಿಚಾರಕಿ ಮತ್ತೆ ಸುಳ್ಳು ತೋಟಾ ಬೆರೆಸಿ ಕೊಟ್ಟರು. ಟಿಕ್ ಎಂದಾಗ ನಳಿಗೆ ಕಲ್ಲಿನಂತೆ ನಿಂತಿತ್ತು. ಅವರು ನನ್ನ ಬೆನ್ನ ಮೇಲೆ ಒಮ್ಮೆ ತಟ್ಟಿ ಮುಂದಿನವರ ಬಳಿ ಹೋದರು.

ಇನ್ನು ತೋಟಾದ ಆಯ್ಕೆ. ಒಂದೇ ಕ್ಯಾಲಿಬರಿನಲ್ಲಿ ಎಷ್ಟೊಂದು ಬಗೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೂರು ಬಗೆ ತಂದೆ. ಮೊದಲನೆಯದು ಹಗುರ, ವೇಗ ಹೆಚ್ಚು; ಎಲ್ಕಿಗೆ ಕಾನೂನು ಒಪ್ಪದಿದ್ದರೂ ಹೋಲಿಕೆಗೆ ಬೇಕಿತ್ತು. ಎರಡನೆಯದು ಹತ್ತು ಗ್ರಾಮಿನ ಹಳೆಯ ಕಾಲದ ಗುಂಡು, ತುದಿಯಲ್ಲಿ ಮೆತ್ತನೆಯ ಸೀಸ. ಮೂರನೆಯದೂ ಅಷ್ಟೇ ತೂಕ, ಆದರೆ ಒಳಗಿನ ಸೀಸ ಮತ್ತು ಹೊರಗಿನ ತಾಮ್ರ ಬಿಟ್ಟುಹೋಗದಂತೆ ಬೆಸೆದದ್ದು. ನೂರು ಮೀಟರಿನಲ್ಲಿ ಹೊಡೆದು ನೋಡಿದರೆ ನನ್ನ ರೈಫಲಿಗೆ ಎರಡನೆಯದು ಬಹಳ ಇಷ್ಟವಾಯಿತು; ಗುಂಡುಗಳು ಒಂದರ ಪಕ್ಕ ಒಂದು ಕೂರುತ್ತಿದ್ದವು. ಮೂರನೆಯದು ಕೊಂಚ ಹರಡುತ್ತಿತ್ತು. ನೋಡಿದವರೆಲ್ಲ ಎರಡನೆಯದನ್ನೇ ತಗೋ ಎಂದರು.

ನನಗೆ ಸಮಾಧಾನವಾಗಲಿಲ್ಲ. ಕಾಗದಕ್ಕೆ ಮೂಳೆ ಇಲ್ಲ. ಗುಂಡು ಮೈಯೊಳಗೆ ಏನು ಮಾಡುತ್ತದೆ ಎನ್ನುವುದು ನನಗೆ ಬೇಕಿದ್ದ ಉತ್ತರ. ಅರ್ಧಂಬರ್ಧ ಔಷಧ ಕೊಟ್ಟು ರೋಗಿಯನ್ನು ಅರೆ ಎಚ್ಚರದಲ್ಲಿ ಬಿಡುವುದು ನನ್ನ ವೃತ್ತಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಪ್ರಾಣಿಗೂ ಅದೇ ಮರ್ಯಾದೆ ಸಲ್ಲಬೇಕು ಅನ್ನಿಸಿತು.

ಗಂಡನ ಕ್ಲಿನಿಕ್ಕಿನಿಂದ, ನೆರೆಹೊರೆಯವರಿಂದ ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಕೂಡಿಸಿ ಬಚ್ಚಲ ತೊಟ್ಟಿಯಲ್ಲಿ ಎರಡು ದಿನ ನೆನೆಹಾಕಿದೆ.

"ಸ್ನಾನಾ ಎಲ್ಲಿ ಮಾಡೂದು?" ಎಂದು ಗಂಡ ಬಾಗಿಲಲ್ಲಿ ಟವಲು ಹಿಡಿದು ನಿಂತರು.

"ಶವರ್ ಇದೆಯಲ್ಲಾ ರೀ."

"ಅದರಾಗೂ ನಿನ್ನ ಬುಕ್ಕ ಅದಾವ!"

ಮಾಂಸದಂತೆ ಗುಂಡನ್ನು ತಡೆಯುವ ಆ ಒದ್ದೆ ಪುಸ್ತಕಗಳ ಸಾಲಿನ ಮುಂದೆ ಕಟುಕನ ಅಂಗಡಿಯಿಂದ ತಂದ ದನದ ಪಕ್ಕೆಲುಬು ಕಟ್ಟಿ, ಮೇಲ್ವಿಚಾರಕಿಯ ಅನುಮತಿ ಪಡೆದು, ಮೂರೂ ಬಗೆಯನ್ನು ಹೊಡೆದೆ. ಆಮೇಲೆ ಮಂಡಿಯೂರಿ ಹಾಳೆ ಹಾಳೆ ಬಿಡಿಸುತ್ತಾ ಗುಂಡು ಹುಡುಕಿದೆ. ಹಗುರದ್ದು ಎಲುಬು ತಾಗಿದೊಡನೆ ಚೂರುಚೂರಾಗಿತ್ತು. ಎರಡನೆಯದು ಆಳಕ್ಕೆ ಹೋಗಿತ್ತು, ಆದರೆ ದಾರಿಯುದ್ದಕ್ಕೂ ಸೀಸ ಉದುರಿಸಿ ಮೂರನೇ ಒಂದು ಭಾಗ ಕಳೆದುಕೊಂಡಿತ್ತು. ಬೆಸೆದ ಗುಂಡು ಅಣಬೆಯ ಹಾಗೆ ಅರಳಿ, ತನ್ನ ತೂಕವನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡು ಕೊನೆಯ ಪುಸ್ತಕದಲ್ಲಿ ಕೂತಿತ್ತು. ಕಾಗದದ ಮೇಲೆ ಅದು ಅರ್ಧ ಇಂಚು ಹೆಚ್ಚು ಹರಡಿದರೆ ಹರಡಲಿ. ಎಲ್ಕಿನ ಶ್ವಾಸಕೋಶ ನನ್ನ ಸೂಟ್‌ಕೇಸಿನಷ್ಟು ದೊಡ್ಡದು. ಅದನ್ನೇ ಆರಿಸಿದೆ. ತೋಟಾಗಳಲ್ಲಿ ವ್ಯತ್ಯಾಸ ಬಾರದಿರಲೆಂದು ಒಂದೇ ದಿನ ತಯಾರಾದ ಡಬ್ಬಿಗಳನ್ನೇ ನೋಡಿ ತಂದೆ. ಆ ಸಂಜೆ ಕ್ಲಬ್ಬಿನ ಗಂಡಸರು ಒಬ್ಬೊಬ್ಬರೇ ಬಂದು, ಆ ಮೂರು ಗುಂಡುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ದೊಡ್ಡ ಗುಂಡಿನ ಉಪದೇಶ ಅಲ್ಲಿಗೆ ನಿಂತಿತು.

ಸರ್ಜನ್ನರ ತಂದೆಯ ತಂಡಕ್ಕೆ ಒಂದು ಸ್ವಂತ ನಿಯಮವಿತ್ತು. ಬೇಟೆಯ ಹಿಂದಿನ ದಿನ, ತಂತಿಯ ಮೇಲೆ ಓಡುವ ಎಲ್ಕಿನ ಚಿತ್ರಕ್ಕೆ ಎಂಬತ್ತು ಮೀಟರಿನಿಂದ ಹೊಡೆದು ತೋರಿಸಬೇಕು. ತಪ್ಪಿದರೆ ಅತಿಥಿಯಾದರೂ ಅಡುಗೆಮನೆಯಲ್ಲೇ ವಾರ ಕಳೆಯಬೇಕು. ನಮ್ಮ ಕಲ್ಲುಗಣಿಯಲ್ಲಿ ಓಡುವ ಗುರಿ ಇರಲಿಲ್ಲ. ಮಗಳು ಫ್ರಿಜ್ ಬಂದಿದ್ದ ರಟ್ಟಿನ ಮೇಲೆ ಎಲ್ಕ್ ಬರೆದು ಬಣ್ಣ ಹಚ್ಚಿದಳು. ಮೂತಿ ಒಂಟೆಯದರಂತೆ ಇತ್ತು. ಅದನ್ನು ಗಾಲಿಯ ಹಲಗೆಯ ಮೇಲೆ ನಿಲ್ಲಿಸಿ, ರಾಟೆಯ ಮೂಲಕ ಉದ್ದ ಹಗ್ಗ ಹಾಯಿಸಿ, ನಾನು ಗುಂಡು ಹಾರಿಸುವ ಜಾಗಕ್ಕಿಂತ ಬಹಳ ಹಿಂದೆ ನಿಂತು ಎಳೆಯಬೇಕು. ಎಳೆಯುವವರು ಬೇಕಿತ್ತು. ಒಂದು ಭಾನುವಾರ ಗಂಡ ಮಳೆಕೋಟು ಹಾಕಿಕೊಂಡು ಕಾರಿನಲ್ಲಿ ಬಂದು ಕೂತರು.

"ಎಲ್ಲಿಗೆ?" ಎಂದೆ.

"ಪ್ರಾಣಿ ಹೊಡಿಯೂದಿಲ್ಲ ನಾ. ರಟ್ಟು ಎಳಿಯಾಕ ಏನ್ ಪಾಪ ಐತಿ?"

ಆಮೇಲೆ ಬೇಸಿಗೆಯಿಡೀ ಅವರೇ ಎಳೆದರು. ಒಮ್ಮೆ ಮೆಲ್ಲಗೆ, ಒಮ್ಮೆ ತಟ್ಟನೆ ಓಡುತ್ತ. ನಡುವೆ ಥಟ್ಟನೆ ನಿಲ್ಲಿಸಿ ನನ್ನನ್ನು ಮೋಸ ಮಾಡುವುದರಲ್ಲಿ ಅವರಿಗೆ ಒಂದು ಖುಷಿ. ಗುಂಡು ಶ್ವಾಸಕೋಶದ ಜಾಗಕ್ಕೆ ಬಿದ್ದಾಗ ಹಿಂದಿನಿಂದ "ಭಪ್ಪರೇ!" ಎಂದು ಕೂಗುತ್ತಿದ್ದರು. ಆ ಕ್ಲಬ್ಬಿನ ಕೆಲವು ಇಂಗ್ಲಿಷರು ಈಗಲೂ ಒಳ್ಳೆಯ ಗುರಿಗೆ ಭಪ್ಪರೇ ಎನ್ನುತ್ತಾರೆ.

ಅಕ್ಟೋಬರಿನಲ್ಲಿ ಸರ್ಜನ್ನರ ಕಾರಿನಲ್ಲಿ ನ್ಯೂಕ್ಯಾಸಲ್ಲಿಗೆ ಹೋಗಿ, ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೋಗುವ ಹಡಗು ಹತ್ತಿ, ಅಲ್ಲಿಂದ ಉತ್ತರಕ್ಕೆ ಐದು ಗಂಟೆ ಕಾಡಿನ ದಾರಿ ಹಿಡಿದೆವು. ಅವರ ತಂದೆಗೆ ಎಂಬತ್ತರ ಹತ್ತಿರ ವಯಸ್ಸು. ಇಂಗ್ಲಿಷ್ ಬಾರದು. ನನ್ನ ಕೈ ಕುಲುಕಿ, ರೈಫಲ್ ಕೇಳಿ ಪಡೆದು, ಕೊಯ್ದ ಮರವನ್ನು ಬೆರಳಿನಿಂದ ಸವರಿದರು. ಒಂದು ತೋಟಾ ಎತ್ತಿ ಅದರ ಹಿಂಬದಿಯ ಬರಹ ಓದಿದರು. ತಮ್ಮ ಜೇಬಿನಿಂದ ಇನ್ನೊಂದು ತೋಟಾ ತೆಗೆದು ಅದರ ಪಕ್ಕ ಹಿಡಿದರು. ಎರಡೂ ಒಂದೇ. ಮಗನಿಗೆ ಏನೋ ಹೇಳಿದರು.

"ಇದನ್ನ ಯಾರು ಆರಿಸಿದ್ದು ಅಂತ ಕೇಳ್ತಿದ್ದಾರೆ."

"ನಾನೇ" ಎಂದೆ. ಡೈರೆಕ್ಟರಿಯ ಕಥೆ ಹೇಳಿದೆ. ಮಗ ಅನುವಾದ ಮಾಡುತ್ತಾ ಹೋದ ಹಾಗೆ ಮುದುಕರ ಭುಜ ನಗುವಿನಲ್ಲಿ ಕುಲುಕತೊಡಗಿತು.

ಓಡುವ ಎಲ್ಕಿನ ಪರೀಕ್ಷೆಯಲ್ಲಿ ನಾಲ್ಕಕ್ಕೆ ನಾಲ್ಕೂ ಶ್ವಾಸಕೋಶದೊಳಗೆ ಬಿದ್ದವು. ತಂಡದ ಎಂಟು ಗಂಡಸರು ಸಾಲಾಗಿ ನಿಂತು ನೋಡುತ್ತಿದ್ದರು. ನನ್ನ ಮೈಯಲ್ಲಿ ದೆಹಲಿಗೆ ಹೋಗಲಾಗದ ಹದಿನೆಂಟರ ಹುಡುಗಿ ನೆಟ್ಟಗೆ ಎದ್ದು ನಿಂತ ಹಾಗಾಯಿತು. ಸುಳ್ಳೇಕೆ, ಹೆಮ್ಮೆಯಿಂದ ನನ್ನ ಕಿವಿ ಬಿಸಿಯಾಗಿತ್ತು.

ಬೇಟೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಜಾಗದಲ್ಲಿ ಕೂರಿಸುತ್ತಾರೆ. ನಾಯಿ ಎಲ್ಕನ್ನು ಎಬ್ಬಿಸಿ ತರುತ್ತದೆ. ಮೊದಲ ದಿನ ಮಧ್ಯಾಹ್ನ ನನ್ನ ಮುಂದೆ ದೊಡ್ಡದೊಂದು ಗಂಡು ಬಂತು. ಐವತ್ತು ಮೀಟರ್. ಆದರೆ ಎಳೆಯ ಬರ್ಚ್ ಗಿಡಗಳ ಹಿಂದೆ, ಎದೆ ಅರ್ಧವಷ್ಟೇ ಕಾಣುವ ಹಾಗೆ ನಿಂತಿತು. ನಾನು ಕಾದೆ. ಅದು ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ, ತಿರುಗಿ ಹೊರಟುಹೋಯಿತು. ಸಂಜೆ ತಂಡದ ಒಬ್ಬ, ಅಷ್ಟು ಹತ್ತಿರದಲ್ಲಿ ಬಿಟ್ಟದ್ದಕ್ಕೆ ಗೊಣಗಿದ. ದೊಡ್ಡ ಕ್ಯಾಲಿಬರ್ ಇದ್ದಿದ್ದರೆ ಗಿಡಗಳ ನಡುವೆಯೇ ಹೊಡೆಯಬಹುದಿತ್ತು ಎಂದ. ಮುದುಕರು ಊಟದ ತಟ್ಟೆಯಿಂದ ತಲೆ ಎತ್ತದೆ ಎರಡು ಮಾತು ಹೇಳಿದರು. ಅವನು ಎದ್ದು ಒಲೆಗೆ ಕಟ್ಟಿಗೆ ಹಾಕಲು ಹೋದ.

"ಏನಂದರು?" ಎಂದು ಕೇಳಿದೆ.

ಸರ್ಜನ್ ನಕ್ಕರು. "ಹೋದ ವರ್ಷ ನೀನು ಗಾಯ ಮಾಡಿದ್ದನ್ನ ಎರಡು ದಿನ ಹುಡುಕಿದ್ದು ನಾನು, ಅಂದರು."

ಮೂರನೆಯ ದಿನ ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿಗೆ ಬೆಳ್ಳಗಾಗಿತ್ತು. ನಾಯಿಯ ಬೊಗಳು ದೂರದಿಂದ ಹತ್ತಿರವಾಯಿತು. ಒಂದು ಗಂಡು, ಮೊದಲಿನದಕ್ಕಿಂತ ಚಿಕ್ಕದು, ಜೌಗಿನ ಅಂಚಿನಲ್ಲಿ ನಡೆಯುತ್ತಾ ಬಂದು ಬಯಲಿನಲ್ಲಿ ನಿಂತಿತು. ಎಪ್ಪತ್ತು ಮೀಟರ್, ಪೂರ್ತಿ ಪಕ್ಕ ತಿರುಗಿ. ಅದರ ಮೂಗಿನಿಂದ ಹಬೆ ಬರುತ್ತಿತ್ತು. ನಾನು ದಿನವೂ ಎಣಿಸುವ ಹಾಗೆ ಅದರ ಉಸಿರು ಎಣಿಸಿದೆ. ಒಂದು, ಎರಡು. ನನ್ನ ಉಸಿರನ್ನು ಅರ್ಧ ಬಿಟ್ಟು ಹಿಡಿದೆ. ಮುಂಗಾಲಿನ ಹಿಂದೆ ಗುರುತು ನಿಂತಿತು. ಟ್ರಿಗರ್ ಎಳೆದದ್ದು ಗೊತ್ತಾಗಲಿಲ್ಲ. ಒದೆತ ಭುಜಕ್ಕೆ ತಟ್ಟಿದ್ದೂ ನೆನಪಿಲ್ಲ. ಎಲ್ಕ್ ಮುಗ್ಗರಿಸಿ, ಮೂವತ್ತು ನಲವತ್ತು ಹೆಜ್ಜೆ ಓಡಿ, ನಿಂತು, ನಿಂತಲ್ಲೇ ಮಲಗಿತು. ಮತ್ತೆ ಏಳಲಿಲ್ಲ.

ಇನ್ನೊಂದು ತೋಟಾ ತುಂಬಿ, ಹೇಳಿಕೊಟ್ಟಿದ್ದಂತೆ ಕಾದೆ. ಆಮೇಲೆ ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕಣ್ಣೀರು ಬಂತು. ಅದು ಪಶ್ಚಾತ್ತಾಪವಲ್ಲ; ಒಂದು ದೊಡ್ಡ ಜೀವದ ಮುಂದೆ ನಿಂತವರಿಗೆ ಬರುವಂಥದ್ದು. ನನ್ನಿಂದಾಗಿ ಅದು ನರಳಲಿಲ್ಲ ಎಂಬ ಸಮಾಧಾನವೂ ಅದರಲ್ಲಿ ಬೆರೆತಿತ್ತು.

ಮುದುಕರು ಬಂದು ಪ್ರಾಣಿಯನ್ನು ಸುತ್ತಿ ನೋಡಿದರು. ಹೊಟ್ಟೆ ಬಗೆದಾಗ ಶ್ವಾಸಕೋಶ ಹೊರತೆಗೆದು ಹುಲ್ಲಿನ ಮೇಲೆ ಇಟ್ಟು, ನನ್ನನ್ನು ಕರೆದು, ಎಲ್ಲರಿಗೂ ತೋರಿಸು ಎಂದು ಸನ್ನೆ ಮಾಡಿದರು. ಆ ಎಂಟು ಬೇಟೆಗಾರರಿಗೆ ಗುಂಡು ಎಲ್ಲಿ ಹೊಕ್ಕಿದೆ, ಯಾವ ರಕ್ತನಾಳ ಹರಿದಿದೆ, ಪ್ರಜ್ಞೆ ತಪ್ಪಲು ಎಷ್ಟು ಕ್ಷಣ ಹಿಡಿದಿರಬಹುದು ಎಂದು ನಾನು ಬೆರಳಿಟ್ಟು ವಿವರಿಸಿದೆ. ಸರ್ಜನ್ ಅನುವಾದಿಸಿದರು. ಮೊದಲ ದಿನ ಗೊಣಗಿದ್ದವನು ಎರಡು ಪ್ರಶ್ನೆ ಕೇಳಿದ, ಟೊಪ್ಪಿಗೆ ತೆಗೆದು ಕೈ ಕುಲುಕಿದ. ಮುದುಕರು ನನ್ನ ರೈಫಲನ್ನು ತಾವೇ ಹೊತ್ತು ನಾವು ತಂಗಿದ್ದ ಗುಡಿಸಲಿನವರೆಗೆ ತಂದರು. ಅವರು ಬೇರೆ ಯಾರ ರೈಫಲನ್ನೂ ಹೊತ್ತದ್ದು ತಾನು ಕಂಡಿಲ್ಲ ಎಂದು ಮಗ ಆಮೇಲೆ ಹೇಳಿದರು.

ನನ್ನ ಪಾಲಿನ ಮಾಂಸವನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ತಂದೆ. ದೀಪಾವಳಿಯ ಹೊತ್ತಿಗೆ ಶೆಫೀಲ್ಡ್, ನಾಟಿಂಗ್‌ಹ್ಯಾಮಿನ ಕನ್ನಡದ ಮನೆಗಳವರು ಒಂದೆಡೆ ಸೇರುವುದಿತ್ತು. ಹಬ್ಬದ ಊಟ ಸಸ್ಯಾಹಾರವೇ; ಮರುದಿನ ನಮ್ಮ ಮನೆಗೆ ಬಂದ ಹತ್ತಾರು ಜನರಿಗೆ ನಾನು ಮೆಣಸು, ಕೊತ್ತಂಬರಿ ಹುರಿದು ಎಲ್ಕಿನ ಹುರುಕಲು ಮಾಡಿದೆ. ಗಂಡ ಬೇರೆ ಒಲೆಯಲ್ಲಿ ಜೋಳದ ರೊಟ್ಟಿ ಬಡಿದರು, ತಮಗೆ ಎಣ್ಣೆಗಾಯಿ ಮಾಡಿಕೊಂಡರು. ನಾನು ಅಡುಗೆಮನೆಯಲ್ಲಿದ್ದಾಗ ಹಜಾರದಿಂದ ಅವರ ದನಿ ಕೇಳಿಸಿತು.

"ಎಲ್ಲಾರೂ ದೊಡ್ಡ ಗುಂಡ ತಗೋ ಅಂದ್ರು. ಈಕಿ ಕೇಳಲಿಲ್ಲ. ಹತ್ತು ಗ್ರಾಂ, ಬೆಸೆದ ಗುಂಡ! ಯಾಕಂತ ಕೇಳ್ರಿ. ಎಲುಬು ತಾಗಿದ್ರೂ ಒಡಿಬಾರದು, ಅದಕ್ಕ. ಒಂದ ಗುಂಡ. ಆನಿ ಅಷ್ಟ ಇತ್ತು ಪ್ರಾಣಿ!"

"ಆನೆಯಷ್ಟು ಇರಲಿಲ್ಲ ರೀ" ಎಂದು ಒಳಗಿಂದ ಕೂಗಿದೆ.

"ನೀ ಅಡಗಿ ನೋಡ. ಇಲ್ಲಿ ನಾ ಹೇಳಾಕತ್ತೇನಿ" ಎಂದರು. ಮಗಳು ಆಗಲೇ ಓಡಿಹೋಗಿ ತನ್ನ ಒಂಟೆಮೂತಿಯ ರಟ್ಟನ್ನು ಗ್ಯಾರೇಜಿನಿಂದ ಎಳೆದು ತಂದಿದ್ದಳು. ಗಂಡ ಅದನ್ನು ಸೋಫಾಕ್ಕೆ ಒರಗಿಸಿ, ಶ್ವಾಸಕೋಶ ಎಲ್ಲಿರುತ್ತದೆಂದು ರೊಟ್ಟಿಯ ಹಿಟ್ಟು ಮೆತ್ತಿದ ಬೆರಳಿನಿಂದ ನಾಲ್ಕು ಜನ ಡಾಕ್ಟರುಗಳಿಗೆ ವಿವರಿಸುತ್ತಿದ್ದರು. ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳಿದೆ. ಶ್ವಾಸಕೋಶದ ಜಾಗ ಸರಿಯಾಗಿತ್ತು.

ಮುಂದಿನ ವಸಂತದಲ್ಲಿ ತಂಡದವರ ಪತ್ರ ಬಂತು. ಖಾಲಿಯಿದ್ದ ಜಾಗ ಇನ್ನು ನನ್ನದೇ ಎಂದಿತ್ತು. ಐದು ಶರತ್ಕಾಲ ಹೋದೆ.